ವಿಶ್ವ ಪರಂಪರೆಯ ಪಟ್ಟಿ: ಹೆಸರು ಸೇರಿದ ಮೇಲೆ ಏನಾಗುತ್ತದೆ?

ಹಂಪಿಯ ವಿಠ್ಠಲ ದೇವಾಲಯದ ಸಮೀಪ, ಪುರಂದರ ಮಂಟಪದ ಬಳಿ, ತುಂಗಭದ್ರೆಯ ಹರಿವಿನೊಳಗೆ ಕಲ್ಲುಕಂಬಗಳ ಸಾಲುಗಳು ಈಗಲೂ ನಿಂತಿವೆ. ವಿಜಯನಗರದ ಕಾಲದಲ್ಲಿ ಎರಡು ದಡಗಳನ್ನು ಕೂಡಿಸುತ್ತಿದ್ದ ಸೇತುವೆಯ ಅವಶೇಷ ಅದು. ಹೊಳೆಯ ಗುಂಟ ಇನ್ನಷ್ಟು ಕೆಳಗೆ ಹೋದರೆ ತಳವಾರಘಟ್ಟ, ಅದರ ಎದುರು ದಡದಲ್ಲಿ ಆನೆಗೊಂದಿ. ಇಲ್ಲಿನ ಜನ ತಲೆತಲಾಂತರದಿಂದ ಹರಿಗೋಲಿನಲ್ಲೇ ಹೊಳೆ ದಾಟಿದವರು. ಬಿದಿರಿನ ದಬ್ಬೆಗಳನ್ನು ಹೆಣೆದು ಮಾಡಿದ ಆ ದುಂಡನೆಯ ತೊಟ್ಟಿಯಲ್ಲಿ ಕಾಳಿನ ಚೀಲ, ಮೇಕೆ, ಶಾಲೆಗೆ ಹೊರಟ ಮಕ್ಕಳು, ಕಡೆಗೆ ಮೋಟರ್ ಬೈಕು ಕೂಡ ಆಚೆ ದಡ ಸೇರುತ್ತಿದ್ದವು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಅದೂ ನಿಂತುಹೋಗುತ್ತಿತ್ತು, ಕಣ್ಣೆದುರಿಗೇ ಕಾಣುವ ಊರಿಗೆ ಸುತ್ತು ಬಳಸಿ ಹೋಗಬೇಕಾಗುತ್ತಿತ್ತು. ಹೀಗಾಗಿ ಇಲ್ಲಿಗೊಂದು ಸೇತುವೆ ಬೇಕೆಂಬುದು ಎರಡೂ ದಡದವರ ಬಹುಕಾಲದ ಬೇಡಿಕೆಯಾಗಿತ್ತು, ಮತ್ತು ಅದರಲ್ಲಿ ನ್ಯಾಯವಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಆ ಸೇತುವೆಯ ಕಾಮಗಾರಿ ನಡೆಯುತ್ತಿತ್ತು. ವಿರೂಪಾಪುರ ಗಡ್ಡೆಗೆ ಹೋಗಲು ಇನ್ನೊಂದು ಕಾಲ್ಸೇತುವೆಯೂ ಏಳುತ್ತಿತ್ತು. 1999ರಲ್ಲಿ, ವಿಶ್ವ ಪರಂಪರೆ ಸಮಿತಿ ಎಂಬ ಸಂಸ್ಥೆಯು, ಆಗಲೇ ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದ ಹಂಪಿಯನ್ನು ‘ಅಪಾಯದಲ್ಲಿರುವ ತಾಣಗಳ ಪಟ್ಟಿ’ಗೂ ಸೇರಿಸಿತು. ಎರಡು ಸೇತುವೆಗಳೇ ಅದಕ್ಕೆ ಮುಖ್ಯ ಕಾರಣ. ನಮ್ಮ ಹೊಳೆಗೆ ನಾವು ಸೇತುವೆ ಕಟ್ಟಿಕೊಂಡರೆ ಎಲ್ಲೋ ಕುಳಿತವರು ಕೇಳುವುದಕ್ಕೆ ಯಾರು ಎಂಬ ಪ್ರಶ್ನೆ ಆಗ ಸಹಜವಾಗಿಯೇ ಎದ್ದಿತು. ವಿಶ್ವ ಪರಂಪರೆ ತಾಣ ಎಂದರೆ ಏನು, ಆ ಪಟ್ಟಿಗೆ ಯಾವ ಬಲವಿದೆ, ಯಾವ ಬಲವಿಲ್ಲ ಎಂಬುದೆಲ್ಲ ಈ ಒಂದು ಪ್ರಶ್ನೆಯೊಳಗೇ ಅಡಗಿದೆ.

ಉತ್ತರಕ್ಕಾಗಿ ಇನ್ನೊಂದು ನದಿಯ ದಡಕ್ಕೆ ಹೋಗಬೇಕು. ಈಜಿಪ್ಟ್ ದೇಶವು ನೈಲ್ ನದಿಗೆ ಅಡ್ಡಲಾಗಿ ಆಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಲು ನಿರ್ಧರಿಸಿದಾಗ, ಅದರ ಹಿನ್ನೀರಿನಲ್ಲಿ ನ್ಯೂಬಿಯಾ ಪ್ರದೇಶದ ಪ್ರಾಚೀನ ದೇವಾಲಯಗಳು ಮುಳುಗುವುದು ಖಚಿತವಾಗಿತ್ತು. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಸರ್ಕಾರಗಳು ವಿಶ್ವಸಂಸ್ಥೆಯ ಶಿಕ್ಷಣ, ವಿಜ್ಞಾನ, ಸಂಸ್ಕೃತಿ ಸಂಸ್ಥೆಯಾದ ಯುನೆಸ್ಕೋದ ನೆರವು ಕೇಳಿದವು, ಮರುವರ್ಷ ಜಗತ್ತಿಗೆಲ್ಲ ಮನವಿ ಹೊರಟಿತು. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಎರಡನೆಯ ರಾಮ್ಸೆಸ್ ಬಂಡೆಯಲ್ಲಿ ಕೊರೆಯಿಸಿದ್ದ ಅಬು ಸಿಂಬೆಲ್‌ನ ಎರಡು ದೇವಾಲಯಗಳನ್ನು 1964ರಿಂದ 1968ರ ನಡುವೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಗರಗಸದಿಂದ ಕೊಯ್ದು, ಸುಮಾರು 65 ಮೀಟರ್ ಎತ್ತರದಲ್ಲಿ, ನದಿಯಿಂದ 200 ಮೀಟರ್ ಹಿಂದಕ್ಕೆ ಮತ್ತೆ ಜೋಡಿಸಲಾಯಿತು. ಸುಮಾರು 20 ಮೀಟರ್ ಎತ್ತರದ ಕುಳಿತ ವಿಗ್ರಹಗಳ ಮುಖಗಳು ಕ್ರೇನಿನ ಹಗ್ಗದಲ್ಲಿ ತೂಗಾಡುವ ಆ ಕಾಲದ ಚಿತ್ರಗಳು ಇಂದಿಗೂ ನೋಡಸಿಗುತ್ತವೆ. ವರ್ಷಕ್ಕೆರಡು ಸಲ ಸೂರ್ಯೋದಯದ ಬೆಳಕು ಗರ್ಭಗುಡಿಯ ಒಳಗೋಡೆಯವರೆಗೆ ಹಾಯುವ ಹಳೆಯ ವ್ಯವಸ್ಥೆಯನ್ನು ಹೊಸ ಜಾಗದಲ್ಲೂ ಉಳಿಸಿಕೊಂಡರು. ಸುಮಾರು ಐವತ್ತು ದೇಶಗಳು ಈ ಅಭಿಯಾನಕ್ಕೆ ಹಣ ಕೊಟ್ಟವು. ಉತ್ಖನನಕ್ಕೆ ತಂಡಗಳನ್ನು ಕಳುಹಿಸಿದ ದೇಶಗಳಲ್ಲಿ ಭಾರತವೂ ಇತ್ತು. ನಮ್ಮ ಪುರಾತತ್ವ ಇಲಾಖೆಯ ಬಿ. ಬಿ. ಲಾಲ್ ಅವರ ತಂಡ ನ್ಯೂಬಿಯಾದಲ್ಲಿ ಅಗೆತ ನಡೆಸಿತು.

ಒಂದು ದೇಶದ ನೆಲದಲ್ಲಿರುವ ವಸ್ತು ಹಾಳಾದರೆ ನಷ್ಟ ಆ ದೇಶಕ್ಕಷ್ಟೇ ಅಲ್ಲ ಎಂಬ ತಿಳಿವಳಿಕೆ ನ್ಯೂಬಿಯಾದ ಕೆಲಸದಿಂದ ಗಟ್ಟಿಯಾಯಿತು. ಅದೇ ಹೊತ್ತಿಗೆ ಕಾಡು, ಕಣಿವೆ, ಹವಳದ ದಿಬ್ಬಗಳಂಥ ನಿಸರ್ಗದ ತಾಣಗಳನ್ನೂ ಹೀಗೆಯೇ ಒಟ್ಟಾಗಿ ಕಾಯಬೇಕೆಂಬ ಯೋಚನೆ ಬೇರೆ ಕಡೆಯಿಂದ ಬಂದು ಸೇರಿತು. 1972ರ ನವೆಂಬರ್ 16ರಂದು ಪ್ಯಾರಿಸ್‌ನಲ್ಲಿ ಯುನೆಸ್ಕೋದ ಮಹಾಸಭೆ ವಿಶ್ವ ಪರಂಪರೆ ಒಡಂಬಡಿಕೆಯನ್ನು ಅಂಗೀಕರಿಸಿತು. ಸಂಸ್ಕೃತಿ ಮತ್ತು ನಿಸರ್ಗ ಎರಡನ್ನೂ ಒಂದೇ ಕಾಗದದಲ್ಲಿ ತಂದದ್ದು ಈ ಒಡಂಬಡಿಕೆಯ ದೊಡ್ಡತನ ಎಂದು ನನಗನ್ನಿಸುತ್ತದೆ. ಭಾರತ 1977ರಲ್ಲಿ ಇದನ್ನು ಒಪ್ಪಿಕೊಂಡಿತು. ಈಗ 196 ದೇಶಗಳು ಇದಕ್ಕೆ ಬದ್ಧವಾಗಿವೆ. 1978ರಲ್ಲಿ ಗ್ಯಾಲಪಗೋಸ್ ದ್ವೀಪಗಳು, ಇಥಿಯೋಪಿಯಾದ ಲಾಲಿಬೆಲಾದ ಬಂಡೆಗುಡಿಗಳು, ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿ ಮೊದಲಾದ 12 ತಾಣಗಳಿಂದ ಆರಂಭವಾದ ಪಟ್ಟಿ, 2025ರ ಜುಲೈ ವೇಳೆಗೆ 170 ದೇಶಗಳ 1,248 ತಾಣಗಳಿಗೆ ಬೆಳೆದಿತ್ತು. ಇವುಗಳಲ್ಲಿ 972 ಸಾಂಸ್ಕೃತಿಕ ತಾಣಗಳು, 235 ನೈಸರ್ಗಿಕ ತಾಣಗಳು, 41 ಎರಡೂ ಬಗೆಯ ಹಿರಿಮೆಯುಳ್ಳವು. ಭಾರತದ ಪಾಲು 44.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಪಟ್ಟಿಗೆ ಸೇರಿದ ತಾಣ ‘ಯುನೆಸ್ಕೋ ಸುಪರ್ದಿಗೆ ಹೋಯಿತು’ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಹಾಗೇನೂ ಆಗುವುದಿಲ್ಲ. ತಾಣವನ್ನು ಗುರುತಿಸಿ, ಕಾಪಾಡಿ, ಮುಂದಿನ ಪೀಳಿಗೆಗೆ ದಾಟಿಸುವ ಹೊಣೆ ಮೊದಲಿಗೆ ಆ ದೇಶದ್ದೇ ಎಂದು ಒಡಂಬಡಿಕೆಯ ನಾಲ್ಕನೆಯ ವಿಧಿ ಹೇಳಿದರೆ, ಆ ದೇಶದ ಸಾರ್ವಭೌಮತ್ವಕ್ಕೂ ಅಲ್ಲಿನ ಕಾನೂನು ಕೊಟ್ಟ ಆಸ್ತಿಯ ಹಕ್ಕಿಗೂ ಧಕ್ಕೆ ಬರಬಾರದೆಂದು ಆರನೆಯ ವಿಧಿ ಹೇಳುತ್ತದೆ. ದೇಶದ ಒಪ್ಪಿಗೆಯಿಲ್ಲದೆ ಯಾವ ತಾಣವೂ ಪಟ್ಟಿ ಸೇರುವುದಿಲ್ಲ. ಯುನೆಸ್ಕೋಗೆ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಹಣವೂ ಹೇಳಿಕೊಳ್ಳುವಷ್ಟಿಲ್ಲ: ಒಡಂಬಡಿಕೆಯ ನಿಧಿಗೆ ದೇಶಗಳು ಕೊಡಬೇಕಾದ ಕಡ್ಡಾಯ ವಂತಿಗೆಯು ಅವು ಯುನೆಸ್ಕೋಗೆ ಸಲ್ಲಿಸುವ ವಂತಿಗೆಯ ನೂರರಲ್ಲಿ ಒಂದು ಪಾಲನ್ನು ಮೀರುವಂತಿಲ್ಲ. ಪಟ್ಟಿ ಸೇರಿದ ಕೂಡಲೇ ಕೋಟಿಗಟ್ಟಲೆ ಅನುದಾನ ಹರಿದುಬರುತ್ತದೆಂದು ನಂಬಿ ಸಂಭ್ರಮಿಸಿದ ಊರುಗಳಿಗೆ ಇದು ನಿರಾಶೆಯ ಸಂಗತಿ. ಹಂಪಿಯ ಕಲ್ಲನ್ನು ಕಾಯುವುದು ನಮ್ಮ ಪುರಾತತ್ವ ಇಲಾಖೆ, ನಮ್ಮ ರಾಜ್ಯ ಸರ್ಕಾರ ಮತ್ತು ನಮ್ಮದೇ ಕಾನೂನುಗಳು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ನಿಯಮ ಬಂದದ್ದು ಭಾರತದ ಸ್ಮಾರಕ ಸಂರಕ್ಷಣಾ ಕಾಯ್ದೆಯಿಂದ. ಪಟ್ಟಿಯಲ್ಲಿಲ್ಲದ ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೂ ಅದು ಅನ್ವಯಿಸುತ್ತದೆ.

ಮಲೆನಾಡಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ಪಟ್ಟಿ ಸೇರಿದವು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಆಗುಂಬೆಯ ಕಾಯ್ದಿಟ್ಟ ಅರಣ್ಯ, ಪುಷ್ಪಗಿರಿ ಮತ್ತು ತಲಕಾವೇರಿ ವನ್ಯಧಾಮಗಳೂ ಸೇರಿದಂತೆ ಕರ್ನಾಟಕದವು 10. ಇವೆಲ್ಲ ಮೊದಲೇ ನಮ್ಮ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳ ರಕ್ಷಣೆಯಲ್ಲಿದ್ದ ಕಾಡುಗಳೇ. ಪಟ್ಟಿಯಿಂದಾಗಿ ರೈತರ ತೋಟಗದ್ದೆಗೆ ಹೊಸ ಕಾನೂನೇನೂ ಬರಲಿಲ್ಲ. ಕಸ್ತೂರಿರಂಗನ್ ವರದಿಯ ನಂತರ ಹಳ್ಳಿಹಳ್ಳಿಯಲ್ಲಿ ಚರ್ಚೆಯಾದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು ಭಾರತದ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಟಂಥವು. ಎರಡರ ಬಗ್ಗೆಯೂ ಯಾರ ಅಭಿಪ್ರಾಯ ಏನೇ ಇರಲಿ, ಅವೆರಡೂ ಬೇರೆ ಬೇರೆ ಎಂಬುದು ತಿಳಿದಿದ್ದರೆ ವಾದವಾದರೂ ಸರಿಯಾದ ವಿಷಯದ ಮೇಲೆ ನಡೆದೀತು.

ಪಟ್ಟಿ ಸೇರುವ ದಾರಿ ಉದ್ದವಾದದ್ದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಭಾರತದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು 2014ರಲ್ಲಿ. ಅಂತಿಮ ಪಟ್ಟಿಗೆ ಹೆಸರು ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ರಿಯಾದ್‌ನ ಅಧಿವೇಶನದಲ್ಲಿ. ನಡುವಿನ ಒಂಬತ್ತು ವರ್ಷಗಳ ಕೆಲಸವೆಲ್ಲ ಒಂದು ದಾಖಲೆಪತ್ರದ ಸುತ್ತ ನಡೆಯುತ್ತದೆ. ತಾಣದ ಗಡಿ ಎಲ್ಲಿಂದ ಎಲ್ಲಿಗೆ, ಅದರ ಸುತ್ತಲಿನ ಬಫರ್ ವಲಯ ಎಷ್ಟು, ಯಾವ ಕಾನೂನು ಅದನ್ನು ಕಾಯುತ್ತದೆ, ನಿರ್ವಹಣೆಯ ಯೋಜನೆ ಏನು, ಪಕ್ಕದ ಊರಿನ ಕಟ್ಟಡಗಳ ಎತ್ತರಕ್ಕೆ ಮಿತಿಯಿದೆಯೇ ಎಂಬ ಪ್ರತಿಯೊಂದಕ್ಕೂ ನಕ್ಷೆ ಸಹಿತ ಉತ್ತರ ಬೇಕು. ಒಂದು ದೇಶ ವರ್ಷಕ್ಕೆ ಒಂದೇ ನಾಮನಿರ್ದೇಶನ ಮಂಡಿಸಬಹುದಾದ್ದರಿಂದ ಹಲವು ರಾಜ್ಯಗಳ ಆಸೆಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಸಾಂಸ್ಕೃತಿಕ ತಾಣವಾದರೆ ಐಕೊಮೊಸ್ ಎಂಬ ತಜ್ಞರ ಮಂಡಳಿ, ನೈಸರ್ಗಿಕವಾದರೆ ಐಯುಸಿಎನ್ ಸಂಸ್ಥೆ ಪರಿಶೀಲಿಸಿ ಸಲಹೆ ಕೊಡುತ್ತದೆ. ಕೊನೆಯ ತೀರ್ಮಾನ ಮಾತ್ರ 21 ದೇಶಗಳ ಪ್ರತಿನಿಧಿಗಳಿರುವ ವಿಶ್ವ ಪರಂಪರೆ ಸಮಿತಿಯದು. ಸಮಿತಿ ಕೆಲವೊಮ್ಮೆ ತಜ್ಞರ ಸಲಹೆಯನ್ನು ಬದಿಗಿಡುತ್ತದೆ: ಪಶ್ಚಿಮಘಟ್ಟದ ವಿಷಯದಲ್ಲಿ ಐಯುಸಿಎನ್ ತೀರ್ಮಾನವನ್ನು ಮುಂದೂಡಲು ಸೂಚಿಸಿದ್ದರೂ ಸಮಿತಿ ಸೇರಿಸಿಯೇ ಬಿಟ್ಟಿತು. ನಮಗೆ ಸಂತೋಷ ತಂದ ತೀರ್ಮಾನವೇ ಆದರೂ, ತಜ್ಞರ ಮಾತಿಗಿಂತ ದೇಶಗಳ ನಡುವಿನ ರಾಜತಾಂತ್ರಿಕ ಲೆಕ್ಕಾಚಾರ ಮೇಲಾಗುವುದು ಈ ವ್ಯವಸ್ಥೆಯ ದೌರ್ಬಲ್ಯವೆಂದು ಒಪ್ಪಬೇಕು. ಇಟಲಿಗೆ 61 ತಾಣಗಳು, ಚೀನಾಕ್ಕೆ 60 ಇರುವಾಗ, ದಾಖಲೆಪತ್ರ ಸಿದ್ಧಪಡಿಸಲು ಹಣ ಮತ್ತು ತಜ್ಞರು ಸಾಲದ ಎಷ್ಟೋ ಆಫ್ರಿಕನ್ ದೇಶಗಳು ಬೆರಳೆಣಿಕೆಯಲ್ಲೇ ಉಳಿದಿವೆ.

ತೀರ್ಮಾನದ ಅಳತೆಗೋಲು ‘ಅಸಾಧಾರಣ ಸಾರ್ವತ್ರಿಕ ಮೌಲ್ಯ’. ಕೇಳಲು ಭಾರವಾದ ಮಾತು. ಅದರ ತಿರುಳೆಂದರೆ, ಇಲ್ಲಿರುವುದು ಹಾಳಾದರೆ ಅಂಥದ್ದನ್ನು ನೋಡಲು ಜಗತ್ತಿನಲ್ಲಿ ಬೇರೆ ಎಲ್ಲಿಗಾದರೂ ಹೋಗಬಹುದೇ ಎಂಬ ಪ್ರಶ್ನೆ. ಇದನ್ನು ಅಳೆಯಲು ಹತ್ತು ಮಾನದಂಡಗಳಿವೆ, ಆರು ಸಂಸ್ಕೃತಿಗೆ, ನಾಲ್ಕು ನಿಸರ್ಗಕ್ಕೆ, ಒಂದಾದರೂ ಒಪ್ಪಬೇಕು. ಹೊಯ್ಸಳ ದೇವಾಲಯಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಬೇಕಾದರೆ ಸೋಮನಾಥಪುರದ ಹೊರಗೋಡೆಯ ಮುಂದೆ ಬೆಳಗಿನ ಹೊತ್ತು ನಿಲ್ಲಬೇಕು. ಬಳಪದ ಕಲ್ಲಿನ ಮೇಲೆ ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳ ಪಟ್ಟಿಕೆಗಳು ನಕ್ಷತ್ರದಾಕಾರದ ಜಗತಿಯ ಮೂಲೆಮೂಲೆಯಲ್ಲೂ ತಿರುವು ತೆಗೆದುಕೊಂಡು ಸಾಗುತ್ತವೆ. ಮೇಲಿನ ದೊಡ್ಡ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮ ಎಂಬ ಹೆಸರು ಹಳಗನ್ನಡದ ಲಿಪಿಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಕಲ್ಲು ಕಡೆದವನೇ ತನ್ನ ಹೆಸರನ್ನು ಕೊರೆದಿಟ್ಟ ಗುರುತು ಅದು. ಆಗಿನ ಬಹುಪಾಲು ಶಿಲ್ಪಿಗಳ ಹೆಸರು ಲೋಕಕ್ಕೆ ತಿಳಿಯದೇ ಹೋಗಿರುವಾಗ, ಈ ಗುಡಿಗಳು ತಮ್ಮನ್ನು ಮಾಡಿದವರನ್ನು ಹೆಸರು ಹಿಡಿದು ಕರೆಯುತ್ತವೆ.

ಮೌಲ್ಯದ ಜೊತೆಗೆ ನೈಜತೆಯನ್ನೂ ಪರೀಕ್ಷಿಸುತ್ತಾರೆ. ನೈಜತೆ ಎಂದರೆ ಹಳೆಯ ಕಲ್ಲು ಹಾಗೆಯೇ ಉಳಿದಿರುವುದು ಎಂಬ ಯುರೋಪಿನ ತಿಳಿವಳಿಕೆ ಬಹುಕಾಲ ನಡೆಯಿತು. ಮರ, ಮಣ್ಣು, ಹುಲ್ಲಿನಲ್ಲಿ ಕಟ್ಟುವ ನಾಡುಗಳಿಗೆ ಅದು ಹೊಂದುವಂತಿರಲಿಲ್ಲ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಜೆನ್ನೆ ಪಟ್ಟಣದ ದೊಡ್ಡ ಮಸೀದಿಯನ್ನು ಹಸಿಮಣ್ಣಿನಿಂದ ಕಟ್ಟಿದ್ದಾರೆ. ಮಳೆಗೆ ಕರಗುವ ಗೋಡೆಗೆ ಪ್ರತಿವರ್ಷ ಊರಿಗೆ ಊರೇ ಸೇರಿ ಮಣ್ಣು ಮೆತ್ತುತ್ತದೆ. ಹುಡುಗರು ಹೊಳೆಯಿಂದ ಕೆಸರು ಹೊತ್ತು ಓಡುತ್ತಾರೆ, ಗೋಡೆಯಿಂದ ಹೊರಚಾಚಿದ ತಾಳೆಮರದ ಗಳುಗಳ ಮೇಲೆ ನಿಂತು ಗಾರೆಯವರು ಬರಿಗೈಯಲ್ಲಿ ಸಾರಿಸುತ್ತಾರೆ. ಹಬ್ಬಕ್ಕೆ ಮುಂಚೆ ಮಣ್ಣಿನ ಗೋಡೆ ಮೆತ್ತಿ ಸುಣ್ಣ ಬಳಿಯುವುದನ್ನು ಕಂಡು ಬೆಳೆದವರಿಗೆ ಇದು ಅಪರಿಚಿತ ದೃಶ್ಯವಲ್ಲ. ಅಲ್ಲಿ ಗೋಡೆಯ ಮೇಲ್ಪದರಕ್ಕೆ ಒಂದು ವರ್ಷ ವಯಸ್ಸು. ಹಳೆಯದಾಗಿರುವುದು ಆ ಕೈಗಳ ಕಸುಬು. 1994ರಲ್ಲಿ ಜಪಾನಿನ ನಾರಾದಲ್ಲಿ ಸೇರಿದ ತಜ್ಞರು, ನೈಜತೆಯನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ಅಳೆಯಬೇಕು ಎಂದು ಒಪ್ಪಿ ದಾಖಲೆ ಹೊರಡಿಸಿದ ಮೇಲೆ ಇಂಥ ತಾಣಗಳಿಗೆ ಸಲ್ಲಬೇಕಾದ ಗೌರವ ಸಂದಿತು. ಮಾಲಿಯದೇ ಇನ್ನೊಂದು ಪಟ್ಟಣ ಟಿಂಬಕ್ಟುವಿನಲ್ಲಿ 2012ರಲ್ಲಿ ಶಸ್ತ್ರಧಾರಿ ಗುಂಪುಗಳು ಸಂತರ ಗೋರಿಗಳನ್ನು ಗುದ್ದಲಿಯಿಂದ ಒಡೆದಾಗ, ಅವನ್ನು ಮತ್ತೆ ಎಬ್ಬಿಸಿದವರು ಸ್ಥಳೀಯ ಗಾರೆಯವರೇ. ಆ ಧ್ವಂಸದಲ್ಲಿ ಭಾಗಿಯಾದವನೊಬ್ಬನಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಂಬತ್ತು ವರ್ಷ ಸೆರೆವಾಸ ವಿಧಿಸಿತು.

ದಂಡವೂ ಇಲ್ಲ, ಪೊಲೀಸರೂ ಇಲ್ಲ ಎಂದಾದರೆ ಪಟ್ಟಿಯ ಬಲ ಎಲ್ಲಿದೆ? ತಾಣದ ಸ್ಥಿತಿಗತಿಯ ಬಗ್ಗೆ ಸಮಿತಿ ಎಲ್ಲರೆದುರು ಪ್ರಶ್ನೆ ಕೇಳುತ್ತದೆ, ದೇಶ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಬಲವಿರುವುದು ಇಲ್ಲಿ. ಉತ್ತರ ಸಾಲದೆಂದು ಕಂಡರೆ ತಜ್ಞರ ತಂಡ ಸ್ಥಳಕ್ಕೆ ಬರುತ್ತದೆ. ಸ್ಥಿತಿ ಗಂಭೀರವಾಗಿದ್ದರೆ ತಾಣ ‘ಅಪಾಯದ ಪಟ್ಟಿ’ ಸೇರುತ್ತದೆ. ಇದನ್ನು ಅವಮಾನವೆಂದು ತಿಳಿಯುವ ಸರ್ಕಾರಗಳು ಬಹಳ. ಅಸಲಿಗೆ ಇದು ರೋಗಿಯನ್ನು ವಾರ್ಡಿನಿಂದ ತೀವ್ರ ನಿಗಾ ಘಟಕಕ್ಕೆ ಸಾಗಿಸಿದಂತೆ, ಗಮನವೂ ನೆರವೂ ಮೊದಲು ಅಲ್ಲಿಗೆ ಸಲ್ಲಲಿ ಎಂಬುದಕ್ಕಾಗಿ. ಅಸ್ಸಾಮಿನ ಮಾನಸ್ ವನ್ಯಧಾಮ ಅಶಾಂತಿಯ ದಿನಗಳಲ್ಲಿ, 1992ರಲ್ಲಿ, ಆ ಪಟ್ಟಿ ಸೇರಿ ಚೇತರಿಸಿಕೊಂಡು 2011ರಲ್ಲಿ ಹೊರಬಂದಿತು. ಕಾಂಬೋಡಿಯಾದ ಅಂಕೋರ್ 1992ರಿಂದ 2004ರವರೆಗೆ ಅದರಲ್ಲಿತ್ತು.

ಹಂಪಿ ಅದರಲ್ಲಿದ್ದದ್ದು ಏಳು ವರ್ಷ. ಆಕ್ಷೇಪ ಬಂದದ್ದು ಜನ ಹೊಳೆ ದಾಟಬೇಕೆಂಬುದಕ್ಕಲ್ಲ. ಎತ್ತರದ ಕಾಂಕ್ರೀಟ್ ಗೋಪುರಗಳ ತೂಗುಸೇತುವೆ ಬಂದರೆ ಬಂಡೆಗುಡ್ಡ, ಹೊಳೆ, ಕೋಟೆಬಾಗಿಲುಗಳು ಒಂದಾಗಿ ಕಾಣುವ ಆ ನೋಟ ಮುರಿಯುತ್ತದೆ, ಅದರ ಮೇಲೆ ಲಾರಿಗಳು ಓಡತೊಡಗಿದರೆ ಹಳೆಯ ನಗರದ ನಟ್ಟನಡುವೆ ಭಾರಿ ವಾಹನಗಳ ಹೆದ್ದಾರಿ ಬಿದ್ದಂತಾಗುತ್ತದೆ ಎಂಬುದು ಸಮಿತಿಯ ಆತಂಕವಾಗಿತ್ತು. ಈ ಒತ್ತಡದಿಂದ ಒಂದು ಒಳ್ಳೆಯದಾಯಿತು: ಬಿಡಿಬಿಡಿ ಗುಡಿಗಳನ್ನು ಕಾಯುವುದರಾಚೆಗೆ, ಹಂಪಿಯ ಒಟ್ಟು ಪ್ರದೇಶವನ್ನು, ಅದರೊಳಗಿನ ಹಳ್ಳಿ, ಗದ್ದೆ, ಕಾಲುವೆಗಳನ್ನೂ ಒಂದೇ ಎಂದು ನೋಡುವ ಪ್ರಾಧಿಕಾರಕ್ಕೆ ಕರ್ನಾಟಕ ಸರ್ಕಾರ 2002ರ ಕಾಯ್ದೆಯ ಮೂಲಕ ಅವಕಾಶ ಮಾಡಿಕೊಟ್ಟಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂದಿತು. ಆನೆಗೊಂದಿ ಸೇತುವೆಯ ಕೆಲಸ ಮತ್ತೆ ಆರಂಭವಾಗಿ, 2009ರ ಜನವರಿಯಲ್ಲಿ ಕಾಮಗಾರಿ ನಡೆಯುತ್ತಿದ್ದಾಗಲೇ ಕುಸಿದುಬಿತ್ತು, ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಹಂಪಿಯ ಸೇತುವೆಯ ವಿವಾದವನ್ನು ವಿವರಿಸುವಾಗ ಪಟ್ಟಿ, ಅಧಿವೇಶನ, ನಿರ್ಣಯಗಳನ್ನಷ್ಟೇ ಎಣಿಸಿ ಆ ಕಾರ್ಮಿಕರನ್ನು ಮರೆಯುವುದು ನನ್ನಿಂದ ಆಗದು.

ಮಾತಿಗೆ ತಪ್ಪಿದ ದೇಶಗಳ ಕಥೆಯೂ ಇದೆ. ಒಮಾನ್ ದೇಶದ ಅರೇಬಿಯನ್ ಓರಿಕ್ಸ್ ಅಭಯಾರಣ್ಯ 1994ರಲ್ಲಿ ಪಟ್ಟಿ ಸೇರಿತ್ತು. ಕಾಡಿನಲ್ಲಿ 1972ರ ಹೊತ್ತಿಗೆ ಒಂದೂ ಉಳಿಯದಂತೆ ಬೇಟೆಗೆ ಬಲಿಯಾಗಿದ್ದ ಈ ಬಿಳಿಯ ಮರುಭೂಮಿ ಮೃಗವನ್ನು ಮೃಗಾಲಯಗಳಲ್ಲಿ ಬೆಳೆಸಿ, 1982ರಲ್ಲಿ ಮತ್ತೆ ಮರಳಿಗೆ ಬಿಟ್ಟಿದ್ದರು. 1996ರಲ್ಲಿ 450ರಷ್ಟಿದ್ದ ಅವುಗಳ ಸಂಖ್ಯೆ ಕಳ್ಳಬೇಟೆಯಿಂದ 65ಕ್ಕೆ ಇಳಿಯಿತು. ತೈಲ ಶೋಧಕ್ಕೆಂದು ಸರ್ಕಾರ ಅಭಯಾರಣ್ಯದ ನೂರರಲ್ಲಿ ತೊಂಬತ್ತು ಪಾಲನ್ನು ಕೈಬಿಟ್ಟಿತು. 2007ರಲ್ಲಿ ಸಮಿತಿ ಅದನ್ನು ಪಟ್ಟಿಯಿಂದ ತೆಗೆದುಹಾಕಿತು. ಹಾಗೆ ಹೊರಬಿದ್ದ ಮೊದಲ ತಾಣ ಅದೇ. ಎರಡನೆಯದು ಜರ್ಮನಿಯ ಡ್ರೆಸ್ಡೆನ್ ಎಲ್ಬೆ ಕಣಿವೆ, ಕಾರಣ ಇಲ್ಲೂ ಸೇತುವೆಯೇ. 2005ರ ಜನಮತದಲ್ಲಿ ನಗರದ ಜನ ನಾಲ್ಕು ಪಥದ ಸೇತುವೆಯ ಪರವಾಗಿ ಮತ ಹಾಕಿದ್ದರು. ಸುರಂಗ ಮಾಡಬಹುದೆಂಬ ಸಲಹೆಗೆ ಒಪ್ಪಿಗೆ ಸಿಗಲಿಲ್ಲ. 2009ರಲ್ಲಿ ಕಣಿವೆ ಪಟ್ಟಿಯಿಂದ ಹೋಯಿತು, 2013ರಲ್ಲಿ ಸೇತುವೆ ತೆರೆಯಿತು. ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಪ್ರದೇಶ, ಹಳೆಯ ಹಡಗುಕಟ್ಟೆಗಳ ಜಾಗದಲ್ಲಿ ಹೊಸ ನಿರ್ಮಾಣಗಳಿಗೆ ಅವಕಾಶ ಕೊಟ್ಟು 2021ರಲ್ಲಿ ಹೊರಬಿತ್ತು. ಐದು ದಶಕಗಳಲ್ಲಿ ಹೀಗೆ ಹೆಸರು ಕಳೆದುಕೊಂಡವು ಈ ಮೂರೇ. ಡ್ರೆಸ್ಡೆನ್‌ನ ಜನರನ್ನು ಸುಲಭವಾಗಿ ದೂರುವಂತಿಲ್ಲ, ಅವರು ತಿಳಿದೇ ಆರಿಸಿಕೊಂಡರು. ಓರಿಕ್ಸ್‌ಗಳಿಗೆ ಮಾತ್ರ ಮತ ಹಾಕುವ ಅವಕಾಶವಿರಲಿಲ್ಲ.

ಒಡಂಬಡಿಕೆಯ ಮೊದಲ ದಶಕಗಳು ಹೆಚ್ಚಾಗಿ ಯೋಚಿಸದ ಒಂದು ವಿಷಯವೆಂದರೆ ತಾಣದೊಳಗೆ ಬದುಕುವ ಜನ. 2002ರಲ್ಲಿ ಸಮಿತಿ ತನ್ನ ಗುರಿಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಸ್ಥಳೀಯ ಸಮುದಾಯದ ಹೆಸರು ಪ್ರತ್ಯೇಕ ಗುರಿಯಾಗಿ ಇರಲಿಲ್ಲ. ಅದು ಸೇರಿದ್ದು 2007ರಲ್ಲಿ. ಹಂಪಿಯಲ್ಲಿ, ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಮಂಟಪಗಳ ನಡುವೆ ಎದ್ದಿದ್ದ ಇಟ್ಟಿಗೆ ಗೋಡೆಗಳಿಂದ ಸ್ಮಾರಕಕ್ಕೆ ಧಕ್ಕೆಯಾಗುತ್ತಿದ್ದದ್ದು ನಿಜ. ಆದರೆ ಬಜಾರು ಎಂದೇ ಕಟ್ಟಿದ ಬೀದಿಯಲ್ಲಿ ಕೊಡುಕೊಳ್ಳುವಿಕೆಯ ಸದ್ದೇ ಇಲ್ಲವಾದಾಗ, ಕಾಪಾಡಿದ್ದರಲ್ಲಿ ಏನೋ ಒಂದು ಉಳಿಯಲಿಲ್ಲ ಎಂಬ ಭಾವನೆ ಆ ಬೀದಿಯನ್ನು ಮೊದಲು ನೋಡಿದ್ದವರನ್ನು ಕಾಡುತ್ತದೆ. ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ, ರಥೋತ್ಸವಕ್ಕೆ ಜನ ನೆರೆಯುತ್ತಾರೆ. ಅಲ್ಲಿ ಗುಡಿಯನ್ನು ಕಾಯುವುದೂ ಗುಡಿಯನ್ನು ಬಳಸುವುದೂ ಒಟ್ಟಿಗೆ ಸಾಗಬೇಕು; ನಿರ್ವಹಣೆಯ ಯೋಜನೆ ಬರೆಯುವವರು ಅರ್ಚಕರನ್ನು, ಅಂಗಡಿಯವರನ್ನು, ಪಕ್ಕದ ಬೀದಿಯಲ್ಲಿ ಮನೆ ಕಟ್ಟಬೇಕೆಂದಿರುವವರನ್ನು ಕೂರಿಸಿಕೊಂಡು ಮಾತಾಡದಿದ್ದರೆ ಆ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ತಳವಾರಘಟ್ಟದ ಸೇತುವೆ ಬಿದ್ದ ಕೆಲವು ವರ್ಷಗಳ ನಂತರ, ಹೊಳೆಯ ಇನ್ನಷ್ಟು ಕೆಳಗೆ, ಬುಕ್ಕಸಾಗರ ಮತ್ತು ಕಡೇಬಾಗಿಲುಗಳ ನಡುವೆ ಬೇರೊಂದು ಸೇತುವೆ ಬಂದಿತು. ಈಗ ಆನೆಗೊಂದಿಗೆ ಹೋಗುವ ಬಸ್ಸು, ಲಾರಿಗಳು ಆ ದಾರಿ ಹಿಡಿಯುತ್ತವೆ. ಪುರಂದರ ಮಂಟಪದ ಬಳಿಯ ಕಲ್ಲುಕಂಬಗಳ ನಡುವೆ ನೀರು ಮೊದಲಿನ ಹಾಗೆಯೇ ಹರಿಯುತ್ತಿದೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಕಂಬಗಳ ಬುಡದವರೆಗೂ ಕಾಣುತ್ತದೆ.